ಸ್ಪಷ್ಟನೆ: ಬೆಂಗಳೂರು ಅರಮನೆ 1862ರಲ್ಲಿ ಕಟ್ಟಿದ್ದಲ್ಲ

“ಚಾಮರಾಜೇಂದ್ರ ಒಡೆಯರ್ 1862ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಂಡ್ಸರ್ ಕೋಟೆ ನೋಡಿ ಬಂದು ಬೆಂಗಳೂರು ಅರಮನೆ ಕಟ್ಟಿಸಿದರು” ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಚಾಮರಾಜೇಂದ್ರರು ಹುಟ್ಟಿದ್ದೇ 1863ರಲ್ಲಿ. ಹುಟ್ಟುವ ಮೊದಲೇ ಪ್ರವಾಸ ಹೇಗೆ ಸಾಧ್ಯ, ಅಲ್ವಾ? ಆಗ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1831ರಿಂದ 1881ರವರೆಗೂ ಹಾಗೇ ಇತ್ತು.

ಈ ಜಾಗ ಮೊದಲು ರೆವರೆಂಡ್ ಗ್ಯಾರೆಟ್ ಅವರದ್ದು. ಮುಂದೆ ಸೆಂಟ್ರಲ್ ಕಾಲೇಜಾದ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದವರು ಅವರು. 1873ರಲ್ಲಿ ಬ್ರಿಟಿಷ್ ಅಧಿಕಾರಿಗಳು ಬಾಲಕ ರಾಜರ ಸ್ವಂತ ಹಣದಿಂದಲೇ ಇದನ್ನು ಕೊಂಡರು. ಆಗ ರಾಜರಿಗೆ ಹತ್ತು ವರ್ಷ. ಕಟ್ಟಡಕ್ಕೆ ಈಗಿನ ರೂಪ ಬಂದದ್ದು ಆಮೇಲಿನ ವರ್ಷಗಳಲ್ಲಿ.

ವಿಂಡ್ಸರ್‌ನ ನಕಲು ಅನ್ನುವುದೂ ಜಾಸ್ತಿಯಾಯಿತು. ಗೋಪುರಗಳು, ಹಲ್ಲಿನಂತೆ ಎದ್ದು ನಿಂತ ಗೋಡೆಯ ಅಂಚು ಇಂಗ್ಲೆಂಡಿನ ಟ್ಯೂಡರ್ ಶೈಲಿಯವು, ನಿಜ. ಆದರೆ ವಿಂಡ್ಸರ್ 11ನೇ ಶತಮಾನದಲ್ಲಿ ಶುರುವಾದ ಕೋಟೆ. ಅದರ ನಡುವೆ ದಿಬ್ಬದ ಮೇಲೆ ದುಂಡು ಗೋಪುರ ಇದೆ. ನಮ್ಮದು ತೋಟದ ನಡುವಿನ ವಾಸದ ಮನೆ. ನೋಡಲು ಹೋದಾಗ ಒಳಗಿನ ಮರದ ಕೆತ್ತನೆಗೆ ಸ್ವಲ್ಪ ಜಾಸ್ತಿ ಸಮಯ ಇಟ್ಟುಕೊಳ್ಳಿ.