ಮಾವಶಿಗೇರಿಗೆ ಯಾವ ಬಸ್ಸು?

ಮಂಗಳವಾರ, ಗುರುವಾರ ಸಂಜೆ ಆರು ಹೊಡೆದರೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ "ಎಮ್ಮೇ!" ಎಂಬ ಕೂಗು ಕೇಳುತ್ತದೆ. ಹೊಸ ವಾಚ್‌ಮನ್ ಮೊದಲ ದಿನ ಕೋಲು ಹಿಡಿದು ಕೆಳಗೆ ಓಡಿದ್ದ. ಎಮ್ಮೆ ಇರಲಿಲ್ಲ. ಕಾರುಗಳ ನಡುವೆ ಬಿಳಿ ಬಟ್ಟೆಯ ಮೂವತ್ತು ಮಕ್ಕಳು ಮುಷ್ಟಿ ಚಾಚಿಕೊಂಡು ದಸರಾ ಗೊಂಬೆಗಳ ಹಾಗೆ ನಿಂತಿದ್ದವು. ಮಾಸ್ತರು ಕೂಗಿದ್ದು "ಯಮೆ", ಜಪಾನಿಯಲ್ಲಿ 'ನಿಲ್ಲಿಸು' ಎಂದರ್ಥ. ಮಾಸ್ತರ ಊರು ಮಳವಳ್ಳಿ ಕಡೆ. ಕರೆಂಟು ಹೋದಾಗ ಅಚ್ಚಗನ್ನಡದಲ್ಲೇ ಬೈಯುತ್ತಾರೆ. ಕರಾಟೆ ಶುರುವಾಯಿತೋ, ಟೋಕಿಯೋದಿಂದ ಈಗ ತಾನೇ ಇಳಿದವರ ಹಾಗೆ ಆಗಿಬಿಡುತ್ತಾರೆ.

ಎರಡನೇ ಕ್ಲಾಸಿನ ನನ್ನ ಮಗಳೂ ಆ ಮೂವತ್ತರಲ್ಲಿ ಒಬ್ಬಳು. ಮೊದಲ ವಾರ ಮನೆಗೆ ಬಂದವಳೇ "ಇವತ್ತು ಮಾವಾಶಿಗೇರಿ ಆಯ್ತು" ಅಂದಳು. ನಮ್ಮತ್ತೆ ಧಾರವಾಡದವರು, ಅವರ ಕಡೆ ಮಾವಶಿ ಎಂದರೆ ತಾಯಿಯ ಅಕ್ಕತಂಗಿ. ಊರಿನ ಕೆಲಗೇರಿ ಅವರಿಗೆ ಗೊತ್ತು, ಇಲ್ಲಿಗೆ ಬಂದ ಮೇಲೆ ಕೆಂಗೇರಿಯೂ ಗೊತ್ತಾಗಿದೆ. "ಮಾವಶಿಗೇರಿ ಯಾವ ತಾಲೂಕಿನಾಗ ಬರ್ತದವಾ? ಬಸ್ಸು ಯಾವದು?" ಎಂದರು. ಉತ್ತರವಾಗಿ ಮಗಳು ಕಾಲು ಬೀಸಿ ತೋರಿಸಿದಳು, ತಂಬಿಗೆ ಉರುಳಿತು. ಆಮೇಲೆ ಮಾಯೆಗೇರಿ, ಯೋಕೋಗೇರಿ, ಉಶಿರೋಗೇರಿ ಎಂದು ಒಂದು ಇಡೀ ಹೋಬಳಿಯೇ ಬಂತು. ಎಲ್ಲಾ ಒದೆಗಳೇ. ಮುಂದಕ್ಕೆ ಒದ್ದರೊಂದು ಊರು, ಹಿಂದಕ್ಕೆ ಒದ್ದರೊಂದು ಊರು.

"ಅಂಕಲ್, ನನ್ನ ಫಸ್ಟ್ ಕಾತಾ ಮುಗೀತು" ಎಂದು ಇವಳು ಲಿಫ್ಟಿನಲ್ಲಿ ಹೇಳಿದಾಗ ಮೂರನೇ ಮಹಡಿಯ ಯಜಮಾನರ ಮುಖ ಹೊಟ್ಟೆಕಿಚ್ಚಿನಲ್ಲಿ ಕಪ್ಪಿಟ್ಟಿತು. "ಎ ಖಾತಾನೋ, ಬಿ ಖಾತಾನೋ? ಯಾರನ್ನ ಹಿಡಿದ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಕಾತಾ ಎಂದರೆ ಕಣ್ಣಿಗೆ ಕಾಣದ ಎದುರಾಳಿಯ ಜೊತೆ ಒಬ್ಬರೇ ಗುದ್ದಾಡುತ್ತಾ, ನಾಲ್ಕು ಹೆಜ್ಜೆ ಹೋಗಿ, ತಿರುಗಿ, ಕೊನೆಗೆ ಹೊರಟ ಜಾಗಕ್ಕೇ ಬಂದು ನಮಸ್ಕಾರ ಮಾಡುವುದು. ಇಷ್ಟು ವಿವರಿಸಿದ ಮೇಲೆ ಅವರು ತಪ್ಪು ತಿಳಿದಿದ್ದರು ಎಂದು ನನಗೂ ಅನ್ನಿಸಲಿಲ್ಲ.

ಪ್ರತಿ ಮಾತಿಗೂ ಮಕ್ಕಳು "ಓಸ್" ಎನ್ನಬೇಕು. ದಿನಕ್ಕೆ ನೂರು ಸಲ ಓಸ್ ಅಂದರೂ ಅಲ್ಲಿ ಓಸಿಯಾಗಿ ಸಿಗುವುದು ಏನೂ ಇಲ್ಲ. ತಿಂಗಳ ಫೀಸು ಬೇರೆ, ಬಟ್ಟೆ ಬೇರೆ, ಬಟ್ಟೆಯ ಮೇಲಿನ ಹುಲಿ ಬ್ಯಾಡ್ಜು ಬೇರೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ, ಅದಕ್ಕೆ ಫೀಸು, ಪಾಸಾದರೆ ಸರ್ಟಿಫಿಕೇಟಿಗೆ ಫೀಸು. ಫೇಲಾದ ಮಗು ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು ದಾಟಿ ಕಪ್ಪು ಬರುವಷ್ಟರಲ್ಲಿ ಮಗುವಿನ ಸೊಂಟಕ್ಕೆ ಒಂದು ಬೆಲ್ಟು, ಅಪ್ಪನ ಬೆಲ್ಟಿಗೆ ಇನ್ನೊಂದು ತೂತು. ಕಪ್ಪಿನ ಮೇಲೆ ದಾನ್ ಎಂಬ ದರ್ಜೆಗಳು. ನಮ್ಮ ಮಾಸ್ತರದು ನಾಲ್ಕನೇ ದಾನ್ ಎಂದಾಗ ಅತ್ತೆಗೆ ಹಿಡಿಸಲಿಲ್ಲ. "ಕೊಟ್ಟ ದಾನ ಹಿಂಗ ಎಣಿಸಿ ಹೇಳಬಾರ್ದು."

ಇದೆಲ್ಲ ಸಾವಿರಾರು ವರ್ಷದ ಪರಂಪರೆ ಎಂದು ಪರೀಕ್ಷೆಯ ದಿನ ಭಾಷಣವಾಗುತ್ತದೆ. ಜೂಡೋ ಹುಟ್ಟಿಸಿದ ಜಿಗೊರೊ ಕಾನೊ ಎಂಬ ಮೇಷ್ಟ್ರು ತಮ್ಮ ಶಾಲೆ ತೆರೆದದ್ದು 1882ರಲ್ಲಿ. ದಾನ್, ಕಪ್ಪು ಪಟ್ಟಿ ಆಮೇಲೆ ಅವರೇ ತಂದದ್ದು. ಓಕಿನಾವಾದ ಇನ್ನೊಬ್ಬ ಮೇಷ್ಟ್ರು ಗಿಚಿನ್ ಫುನಾಕೋಶಿ ಅದನ್ನು ಕರಾಟೆಗೆ ಎರವಲು ತಂದು ಮೊದಲ ದಾನ್‌ಗಳನ್ನು ಕೊಟ್ಟದ್ದು 1924ರಲ್ಲಿ. ಹಳದಿ, ಕಿತ್ತಳೆ, ಹಸಿರಿನ ಕಾಮನಬಿಲ್ಲು ಇನ್ನೂ ಈಚಿನದು. ಅದು ಬಳಕೆಗೆ ಬಂದದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೋ ಕಲಿಸುತ್ತಿದ್ದ ಕವೈಶಿಗೆ ಅದರಲ್ಲಿ ದೊಡ್ಡ ಪಾಲಿದೆ. ಕಪ್ಪಿನವರೆಗೆ ಕಾಯುವ ವ್ಯವಧಾನ ಪ್ಯಾರಿಸ್ಸಿನವರಿಗೂ ಇರಲಿಲ್ಲ ಅಂತ ಕಾಣುತ್ತದೆ. ಹೆಸರೂ ಹಾಗೆಯೇ. 'ಕರಾಟೆ'ಯನ್ನು ಮೊದಲು 'ಚೀನಾದ ಕೈ' ಎಂಬ ಅರ್ಥ ಬರುವಂತೆ ಬರೆಯುತ್ತಿದ್ದರು. ಜಪಾನಿನಲ್ಲಿ ಚೀನಾದ ಹೆಸರು ಹೇಳಿದರೆ ಮುಖ ಗಂಟಿಕ್ಕುವ ಕಾಲ ಬಂದಾಗ, ಉಚ್ಚಾರ ಬದಲಿಸದೆ ಅಕ್ಷರ ಬದಲಿಸಿ 'ಬರಿಗೈ' ಮಾಡಿಕೊಂಡರು. ಫೀಸು ಕಟ್ಟಿ ಹೊರಬರುವಾಗ ನನಗೆ ಈ ಎರಡನೇ ಅರ್ಥವೇ ಸರಿ ಎನಿಸುತ್ತದೆ.

"ಎಲ್ಲಾ ನಮ್ಮಿಂದಲೇ ಹೋದದ್ದು ರೀ, ಬೋಧಿಧರ್ಮ!" ಎನ್ನುವ ಒಬ್ಬರು ಪ್ರತಿ ಪರೀಕ್ಷೆಗೂ ಮುಂದಿನ ಸಾಲಿನಲ್ಲಿರುತ್ತಾರೆ. ಇಲ್ಲಿಂದ ಚೀನಾಕ್ಕೆ ಹೋದನೆನ್ನುವ ಬೌದ್ಧ ಗುರು ಬೋಧಿಧರ್ಮ ಅಲ್ಲಿನ ಶಾವೊಲಿನ್ ಮಠದ ಭಿಕ್ಷುಗಳಿಗೆ ಕಸರತ್ತು ಕಲಿಸಿದ ಕತೆಯ ಬೇರು ಹದಿನೇಳನೇ ಶತಮಾನದ ಒಂದು ಚೀನೀ ಪುಸ್ತಕದಲ್ಲಿದೆ. ಅಷ್ಟು ಹೊತ್ತಿಗೆ ಆತ ತೀರಿಕೊಂಡು ಸಾವಿರ ವರ್ಷ ದಾಟಿತ್ತು.

ನಮ್ಮಿಂದ ಹೋದದ್ದು ಏನೋ ಇದೆ, ಆದರೆ ಚೀನಾಕ್ಕಲ್ಲ, ವಿಧಾನಸೌಧಕ್ಕೆ. ಇವತ್ತಿನ ಪೇಪರು ತೆಗೆದು ನೋಡಿ. ಒಬ್ಬರು ಅಖಾಡಕ್ಕೆ ಧುಮುಕಿದ್ದಾರೆ, ಒಬ್ಬರು ತೊಡೆ ತಟ್ಟಿದ್ದಾರೆ, ಮತ್ತೊಬ್ಬರು ಪಟ್ಟು ಸಡಿಲಿಸಿಲ್ಲ, ಎಲ್ಲರೂ ಯಾರದೋ ಗರಡಿಯಲ್ಲಿ ಪಳಗಿದವರೇ. ಇವರಲ್ಲಿ ಹೆಚ್ಚಿನವರಿಗೆ ಕಾರಿನಿಂದ ಇಳಿಯಲು ಇಬ್ಬರು ಕೈ ಹಿಡಿಯಬೇಕು. ಗರಡಿಯ ಮಾತೆಲ್ಲ ಹೀಗೆ ಹೊರಟುಹೋದ ಮೇಲೆ ಗರಡಿಮನೆಯಲ್ಲಿ ಉಳಿದದ್ದು ಕೆಮ್ಮಣ್ಣು, ಆಂಜನೇಯನ ಪಟ, ಒಂದು ಜೊತೆ ಗದೆ. ಅಲ್ಲಿ ಬಣ್ಣದ ಪಟ್ಟಿ ಇರಲಿಲ್ಲ, ಇದ್ದದ್ದು ಲಂಗೋಟಿ. ಅದರ ಬಣ್ಣ ನೋಡಿ ಯಾರೂ ದರ್ಜೆ ಹೇಳುತ್ತಿರಲಿಲ್ಲ. ಮೈಸೂರು ದಸರೆಯ ವಜ್ರಮುಷ್ಟಿಯಲ್ಲಿ ಇವತ್ತಿಗೂ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳಿಯುತ್ತಾರೆ. ಒಬ್ಬನ ನೆತ್ತಿಯಲ್ಲಿ ಒಂದು ಹನಿ ರಕ್ತ ಕಂಡರೆ ಕಾಳಗ ಮುಗಿಯಿತು. ಸರ್ಟಿಫಿಕೇಟಿನ ಮಾತೇ ಇಲ್ಲ. ಗರಡಿಯವರು ಸಾಚಾ ಎಂದು ಹೇಳುತ್ತಿಲ್ಲ. ಕೊನೆಯ ಪಟ್ಟನ್ನು ಶಿಷ್ಯನಿಗೆ ಹೇಳಿಕೊಡದೆ ಉಸ್ತಾದರು ತಾವೇ ಇಟ್ಟುಕೊಳ್ಳುತ್ತಾರೆ ಎಂಬ ಮಾತು ಮೊದಲಿನಿಂದಲೂ ಇದೆ. ನಮ್ಮ ಬೇಸ್‌ಮೆಂಟ್ ಮಾಸ್ತರು ಆ ವಿಷಯದಲ್ಲಿ ಉದಾರಿ, ದುಡ್ಡು ಕಟ್ಟಿದರೆ ಕೊನೆಯದನ್ನೂ ಕೊಡುತ್ತಾರೆ.

ವಾರ್ಷಿಕೋತ್ಸವದಲ್ಲಿ ಮಾಸ್ತರು ಮಂಗಳೂರು ಹೆಂಚು ಹತ್ತು ಜೋಡಿಸಿ, ಎರಡು ನಿಮಿಷ ಉಸಿರೆಳೆದು, ಕಟ್ಟಡ ಅದುರುವಂತೆ ಕೂಗಿ, ಏಳನ್ನು ಒಡೆದರು. ಭಾರಿ ಚಪ್ಪಾಳೆ ಬಿತ್ತು. ತೀರ್ಥಹಳ್ಳಿಯ ನಮ್ಮ ಹಳೇ ಮನೆಯ ಮಾಡಿನ ಮೇಲೆ ಮಂಗಗಳು ದಿನಾ ಬೆಳಿಗ್ಗೆ ಇದನ್ನೇ ಮಾಡುತ್ತವೆ, ಕೂಗದೆ. ಅವುಗಳ ಫೋಟೋ ಪೇಪರಿನಲ್ಲಿ ಬಂದಿಲ್ಲ.

ಅತ್ತೆಗೆ ಇಷ್ಟವಾದದ್ದು ಟೋಕಿಯೋ ಒಲಿಂಪಿಕ್ಸ್ ಒಂದೇ. 2021ರಲ್ಲಿ ಕರಾಟೆಯ ಹೆವಿವೇಟ್ ಫೈನಲ್‌ನಲ್ಲಿ ಸೌದಿಯ ಹಮೇದಿ ಮುಂದಿದ್ದ. ಅವನ ಒಂದೇ ಒದೆಗೆ ಇರಾನಿನ ಗಂಜ್‌ಜಾದೆ ಅಂಗಾತ ಬಿದ್ದು, ಎಚ್ಚರವಿಲ್ಲದೆ ಸ್ಟ್ರೆಚರಿನ ಮೇಲೆ ಹೋದ. ತೀರ್ಪುಗಾರರು ಕೂಡಿ ಮಾತಾಡಿ, ಹೊಡೆತ ಅತಿಯಾಯಿತು ಎಂದು ಹೊಡೆದವನನ್ನು ಅನರ್ಹ ಮಾಡಿ, ಮಲಗಿದ್ದವನಿಗೆ ಚಿನ್ನ ಕೊಟ್ಟರು. ಮುಂದಿನ ಒಲಿಂಪಿಕ್ಸಿನಲ್ಲಿ ಕರಾಟೆ ಇರಲೇ ಇಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾವು ಗಾದೆ ಮಾಡಿ ನಗುತ್ತೇವೆ, ಅವರು ಅದನ್ನು ನಿಯಮಾವಳಿಯಲ್ಲಿ ಬರೆದುಕೊಂಡಿದ್ದರು.

ಕಳೆದ ಭಾನುವಾರ ಮಗಳ ಹಳದಿ ಬೆಲ್ಟು ಬಂತು. ಅವಳು ಇಚಿ, ನಿ, ಸಾನ್, ಶಿ ಎಂದು ಹತ್ತರವರೆಗೆ ನೀರು ಕುಡಿದ ಹಾಗೆ ಎಣಿಸುತ್ತಾಳೆ. ಸೊಪ್ಪಿನವಳು "ಅರವತ್ತೆಂಟು ರೂಪಾಯಿ ಪುಟ್ಟಾ" ಅಂದರೆ ಮಾತ್ರ "ಹಂಗಂದ್ರೆ ಎಷ್ಟು?" ಎಂದು ನನ್ನ ಮುಖ ನೋಡುತ್ತಾಳೆ. ಬಿಳಿ ಬೆಲ್ಟು ಎಲ್ಲಿ ಹೋಯಿತೆಂದು ಹುಡುಕಿದರೆ, ಅಡುಗೆಮನೆಯ ಮೇಲಿನ ಗೂಡಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಿಗಿಯಾಗಿ ಕಟ್ಟಿ ಕೂತಿತ್ತು. ಮೂರು ಸುತ್ತು, ಮುಂದೆ ಗಂಟು, ಎರಡು ತುದಿಯೂ ಸರಿಸಮ. ಮಾಸ್ತರು ನೋಡಿದರೆ ಮೆಚ್ಚಬೇಕು.

"ಅದು ಮಗೂ ಮೊದಲ್ನೇ ಬೆಲ್ಟು, ನೆನಪಿಗೆ ಇರಲಿ ಅಂತಿದ್ದೆ ಅತ್ತೆ" ಎಂದೆ.

"ಇರ್ಲಿ ಬಿಡ್ರಿ, ಭಾಳ ಗಟ್ಟಿ ಅದ" ಎಂದರು. "ಬರೂ ತಿಂಗಳ ಲಿಂಬಿಕಾಯಿ ಹಾಕೂದದ. ಹಳದೀದು ಯಾವಾಗ ಮುಗೀತದಂತ ನಿಮ್ಮ ಮಾಸ್ತರಿಗೆ ಒಂದ್ಮಾತು ಕೇಳ್ರಿ."