ಎಷ್ಟು ಕಿಲೋಮೀಟರ್ ಎಂದು ಕೇಳುವ ಮೊದಲು

ಒಂದು ದಿನದ ಚಾರಣದ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಮೊದಲ ಪ್ರಶ್ನೆ ‘ಒಟ್ಟು ಎಷ್ಟು ಕಿಲೋಮೀಟರ್?’ ಎಂಬುದು. ಕಾಡಿನೊಳಗಿಂದ ಬೆಟ್ಟ ಏರುವ ದಾರಿಯ ಮಟ್ಟಿಗೆ ಈ ಪ್ರಶ್ನೆಯಿಂದ ತಿಳಿಯುವುದು ಬಹಳ ಕಡಿಮೆ. ಕೇಳಬೇಕಾದುದು ಎರಡು: ಒಟ್ಟು ಎಷ್ಟು ಮೀಟರ್ ಏರಬೇಕು, ಮತ್ತು ಎಷ್ಟು ಗಂಟೆಯಾದಾಗ ನಾವು ಎಲ್ಲಿದ್ದರೂ ಹಿಂತಿರುಗಬೇಕು. ಮೊದಲನೆಯದನ್ನು ಹಲವರು ವಿಚಾರಿಸುತ್ತಾರೆ. ಎರಡನೆಯದನ್ನು ಮನೆಯಲ್ಲೇ ಕುಳಿತು ನಿರ್ಧರಿಸಿ, ಕಾಗದದ ಮೇಲೆ ಬರೆದಿಟ್ಟುಕೊಂಡು ಹೊರಡುವವರು ವಿರಳ. ನಾನು ಒತ್ತಿ ಹೇಳಬೇಕೆಂದಿರುವುದು ಆ ಎರಡನೆಯದನ್ನು.

ಮೊದಲು ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಹೋಗಿಬರಲು 12 ಕಿಲೋಮೀಟರ್, ಏರು 700 ಮೀಟರ್ ಇರುವ ಸಾಧಾರಣ ಕಷ್ಟದ ದಾರಿಗೆ ಇದರ ಪ್ರಕಾರ ಸುಮಾರು ಮೂರೂವರೆ ಗಂಟೆ ಸಾಕು. ಆದರೆ ಆ ಸೂತ್ರ ಗಟ್ಟಿ ಕಾಲಿನವರು ಒಳ್ಳೆಯ ನೆಲದ ಮೇಲೆ ಎಲ್ಲೂ ನಿಲ್ಲದೆ ನಡೆಯುತ್ತಾರೆಂದು ಭಾವಿಸಿಕೊಂಡದ್ದು. ಕಾಡಿನ ಕಾಲುದಾರಿಯಲ್ಲಿ ಬೇರುಗಳಿರುತ್ತವೆ, ತರಗೆಲೆ ಮುಚ್ಚಿದ ಕುಳಿಗಳಿರುತ್ತವೆ, ಅಡ್ಡ ಬಿದ್ದ ಮರಗಳಿರುತ್ತವೆ. ಹಾಗಾಗಿ ನಾನು ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಕೂಡಿಸಿ, ಊಟಕ್ಕೂ ವಿಶ್ರಾಂತಿಗೂ ಒಂದು ಗಂಟೆ ಸೇರಿಸುತ್ತೇನೆ. ಮೂರೂವರೆ ಗಂಟೆಯ ದಾರಿ ಆಗ ಆರು ಗಂಟೆಯನ್ನು ದಾಟುತ್ತದೆ.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ತುದಿಯ ಎತ್ತರದಿಂದ ಬುಡದ ಎತ್ತರವನ್ನು ಕಳೆದು ಅದನ್ನೇ ಒಟ್ಟು ಏರು ಎಂದುಕೊಳ್ಳುತ್ತಾರೆ. ದಾರಿ ನಡುವೆ ಎರಡು ಹಳ್ಳಗಳಿಗೆ ಇಳಿದು ಮತ್ತೆ ಹತ್ತಿದರೆ ಆ ಹತ್ತುವಿಕೆಯೂ ಲೆಕ್ಕಕ್ಕೆ ಸೇರಬೇಕು, ಮತ್ತು ಮರಳಿ ಬರುವಾಗ ಅದೇ ಹಳ್ಳಗಳ ಆಚೆ ದಡವನ್ನು ದಣಿದ ಕಾಲಿನಲ್ಲಿ ಏರಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ನಕ್ಷೆಯಲ್ಲಿರುವ ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು, ದಾರಿಯುದ್ದಕ್ಕೂ ಎಣಿಸಿದರೆ ಇದು ತಿಳಿಯುತ್ತದೆ. ಆ ರೇಖೆಗಳು ಒತ್ತೊತ್ತಾಗಿರುವ ಕಡೆ ಏರು ಕಡಿದಾಗಿರುತ್ತದೆ.

ಇದನ್ನೆಲ್ಲ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಾವು ಐದು ಮಂದಿ ಹೋಗಿದ್ದೆವು. ಯೋಜನೆ ಸಂಪೂರ್ಣವಾಗಿ ನನ್ನದಾಗಿತ್ತು. ದೂರವನ್ನಷ್ಟೇ ನೋಡಿ, ಹತ್ತು ಗಂಟೆಗೆ ಹೊರಟರೆ ಸಾಕೆಂದು ಹೇಳಿದ್ದೆ. ತುದಿ ತಲುಪಿದಾಗ ಮೂರೂವರೆ. ಒಂದು ಗಂಟೆಯಿಂದಲೇ ‘ಇನ್ನು ಅರ್ಧ ಗಂಟೆ ಅಷ್ಟೇ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಬಂದಿದ್ದೆವು. ಸೂರ್ಯಾಸ್ತ ಆರೂಕಾಲಿಗೆ ಎಂದು ಗೊತ್ತಿತ್ತು, ಆದರೆ ದಟ್ಟ ಮರಗಳ ಕೆಳಗೆ ಐದೂವರೆಗೇ ನೆಲ ಕಾಣದಂತಾಯಿತು. ಐವರ ನಡುವೆ ಒಂದೇ ಟಾರ್ಚ್. ಮುಂದಿನವರು ಎರಡು ಹೆಜ್ಜೆ ಇಟ್ಟು, ಹಿಂದಕ್ಕೆ ತಿರುಗಿ ಬೆಳಕು ಬಿಟ್ಟು, ಉಳಿದವರು ದಾಟಿದ ಮೇಲೆ ಮತ್ತೆ ಎರಡು ಹೆಜ್ಜೆ. ಹೀಗಿದ್ದೂ ಒದ್ದೆ ಬೇರಿನ ಮೇಲೆ ಕಾಲಿಟ್ಟ ಗೆಳತಿ ಜಾರಿ ಪಾದ ಉಳುಕಿಸಿಕೊಂಡಳು. ಕೊನೆಯ ಎರಡು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ಅವಳು ಒಂದು ಮಾತೂ ಆಡದೆ ನನ್ನ ಭುಜ ಹಿಡಿದು ನಡೆದದ್ದು ನನಗೆ ಇನ್ನೂ ಮರೆತಿಲ್ಲ.

ಅಂದಿನಿಂದ ನಾನು ಗಡಿಯಾರವನ್ನು ಹಿಂದಿನಿಂದ ಎಣಿಸುತ್ತೇನೆ. ಸೂರ್ಯಾಸ್ತ ಆರೂಕಾಲಿಗಾದರೆ ಕಾಡಿನೊಳಗಿನ ಬೆಳಕು ಐದೂಕಾಲಿಗೇ ಮುಗಿಯಿತೆಂದು ಇಟ್ಟುಕೊಳ್ಳಬೇಕು. ಅನಿರೀಕ್ಷಿತಕ್ಕೆ ಒಂದು ಗಂಟೆ ಬಿಟ್ಟರೆ ನಾಲ್ಕೂಕಾಲು. ಇಳಿಯಲು ಮೂರು ಗಂಟೆ ಕಳೆದರೆ ಒಂದೂಕಾಲು. ಅಂದರೆ ಮಧ್ಯಾಹ್ನ ಒಂದಕ್ಕೆ, ತುದಿ ಸಿಕ್ಕಿದ್ದರೂ ಸಿಗದಿದ್ದರೂ, ಹಿಂತಿರುಗಬೇಕು. ಹತ್ತಲು ವಿಶ್ರಾಂತಿ ಸೇರಿ ನಾಲ್ಕು ಗಂಟೆ ಬೇಕಾದರೆ ಬೆಳಿಗ್ಗೆ ಒಂಬತ್ತರೊಳಗೆ ನಡಿಗೆ ಶುರುವಾಗಲೇಬೇಕು. ಈ ನಿರ್ಧಾರವನ್ನು ಮೇಲೆ ಹೋಗಿ ಮಾಡುತ್ತೇವೆಂದರೆ ಆಗುವುದಿಲ್ಲ. ಅಲ್ಲಿ ತುದಿ ಕಣ್ಣೆದುರಿಗಿರುತ್ತದೆ, ಬೆವರು ಹರಿಸಿ ಆಗಿರುತ್ತದೆ, ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ.

ಇಳಿಯುವುದಕ್ಕೆ ಇಷ್ಟು ಹೊತ್ತೇಕೆ ಎಂದು ಕೇಳುವವರಿದ್ದಾರೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ; ಮರುದಿನದ ನೋವಿಗೆ ಮುಖ್ಯ ಕಾರಣ ಅದೇ. ಇಳಿಯುವ ಮೊದಲು ಕುಳಿತು ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿಕೊಂಡರೆ ಬೆರಳುಗಳು ಮುಂದಕ್ಕೆ ಸರಿದು ಶೂವಿನ ತುದಿಗೆ ಬಡಿಯುವುದಿಲ್ಲ.

ಸಮಯದ ಲೆಕ್ಕವನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಮೇಲೆ ಕಟ್ಟಬೇಕು, ಮತ್ತು ಅವರನ್ನು ಹಿಂದೆ ಬಿಡಬಾರದು. ಚುರುಕಿನವರು ಮುಂದೆ ಹೋಗಿ ಕಾಯುತ್ತಾರೆ, ನಿಧಾನದವರು ಏದುಸಿರು ಬಿಡುತ್ತ ಬಂದು ಸೇರಿದ ಕ್ಷಣವೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ ಅದು ಸಿಗುವುದಿಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಹವಾಮಾನವೂ ಬೇಗ ಹಿಂತಿರುಗಿ ಎಂದೇ ಹೇಳುತ್ತದೆ. ಬಿಸಿಲಿಗೆ ಕಾದ ಇಳಿಜಾರುಗಳಿಂದ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ಗುಡುಗುಮಳೆ ಕಟ್ಟುವುದು ಬೆಟ್ಟಗಳಲ್ಲಿ ಸಾಮಾನ್ಯ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿದ್ದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಉಷ್ಣತೆ ಸರಾಸರಿ 1,000 ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುವುದರಿಂದ 700 ಮೀಟರ್ ಮೇಲೆ ನಾಲ್ಕೈದು ಡಿಗ್ರಿ ಕಡಿಮೆ ಇರುತ್ತದೆ. ಬೆವರಿನಿಂದ ತೊಯ್ದ ಹತ್ತಿ ಅಂಗಿಗೆ ಗಾಳಿ ಬಡಿದರೆ, ಹಿಮ ಬೀಳದ ಜಾಗದಲ್ಲೂ ಮೈ ಅಪಾಯಕರವಾಗಿ ತಣ್ಣಗಾಗಬಹುದು. ಬೇಗ ಒಣಗುವ ಒಂದು ಅಂಗಿ, ಮಳೆ ತಡೆಯುವ ಒಂದು ಜಾಕೆಟ್ ಚೀಲದಲ್ಲಿರಲಿ. ನೀರು ನಡೆಯುವ ಪ್ರತಿ ಗಂಟೆಗೆ ಅರ್ಧ ಲೀಟರ್, ಸೆಕೆ ಇದ್ದರೆ ಇನ್ನೂ ಹೆಚ್ಚು. ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಫೋನನ್ನು ನಂಬುವವರಿಗೆ ಎರಡು ಮಾತು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಸಿಗ್ನಲ್ ಇಲ್ಲದ ಕಡೆ ಅದನ್ನು ಹುಡುಕುತ್ತಲೇ ಬ್ಯಾಟರಿ ಕರಗುವುದರಿಂದ ಫ್ಲೈಟ್ ಮೋಡ್‌ನಲ್ಲಿಡಬೇಕು. ಪ್ರತಿ ಕವಲಿನಲ್ಲೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಬೇಕು, ಏಕೆಂದರೆ ಮರಳುವಾಗ ಕಾಣುವ ದಾರಿ ಹೋಗುವಾಗ ಕಂಡ ದಾರಿಯಂತಿರುವುದಿಲ್ಲ. ಒಂದು ಸೀಟಿಯೂ ಜೊತೆಗಿರಲಿ. ನಿಮಿಷದೊಳಗೆ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಗಳಲ್ಲಿ ಸಹಾಯ ಕೇಳುವ ಸಂಕೇತ. ಮೂರು ಸಲ ಊದಿದರೆ ಅದು ಉತ್ತರ.

ಹೊರಡುವ ಹಿಂದಿನ ರಾತ್ರಿ, ಬರದೆ ಉಳಿಯುವ ಒಬ್ಬರಿಗೆ ನಾನು ಸಂದೇಶ ಕಳಿಸುತ್ತೇನೆ: ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ಇಳಿಯುತ್ತೇವೆ, ಎಷ್ಟು ಗಂಟೆಯವರೆಗೂ ಸುದ್ದಿ ಬಾರದಿದ್ದರೆ ಸಹಾಯಕ್ಕೆ ಕರೆ ಮಾಡಬೇಕು.

ಕಳೆದ ಸಲ ಅದೇ ಗೆಳತಿ ನಮ್ಮೊಂದಿಗಿದ್ದಳು. ಒಂದು ಗಂಟೆಯಾದಾಗ ತುದಿಗೆ ಇನ್ನೂ ನೂರು ಮೀಟರ್ ಏರು ಬಾಕಿಯಿತ್ತು, ಆಕಾಶವೂ ಶುಭ್ರವಾಗಿತ್ತು. ನಾನು ಜೇಬಿನಿಂದ ಚೀಟಿ ತೆಗೆಯುವಷ್ಟರಲ್ಲಿ ಅವಳು ಆಗಲೇ ಕಲ್ಲಿನ ಮೇಲೆ ಕುಳಿತು ಲೇಸ್ ಬಿಚ್ಚಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಾವು ಬುಡದಲ್ಲಿದ್ದೆವು, ಮರಗಳ ನಡುವೆ ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿತ್ತು.