ಇದಕ್ಕೆ ಬಣ್ಣ ಹೊಡೆಸುವುದಿಲ್ಲ

ಕ್ರೈಸ್ಲರ್ ಕಂಪನಿ ಮಾಡಿದ ನನ್ನ 1963ರ ಪ್ಲಿಮತ್ ವೇಲಿಯಂಟ್ ಕಾರನ್ನು ಕಂಡವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬಣ್ಣ ಯಾವಾಗ ಹೊಡೆಸುತ್ತೀರಿ?" ಇಲ್ಲಿ ಮಿಶಿಗನ್‌ನಲ್ಲಿರುವ ಕನ್ನಡದ ಗೆಳೆಯರೂ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಸಿಗುವ ಅಮೆರಿಕನ್ ಅಜ್ಜಂದಿರೂ ಕೇಳುತ್ತಾರೆ. ಹೊಡೆಸುವುದಿಲ್ಲ. ಏಕೆಂದು ಒಮ್ಮೆ ಬಿಡಿಸಿ ಬರೆಯುತ್ತೇನೆ.

ಈ ಕಾರಿನ ಮೈಮೇಲಿರುವುದು ಕಾರ್ಖಾನೆಯಲ್ಲೇ ಬಳಿದು ಶಾಖದಲ್ಲಿ ಗಟ್ಟಿಮಾಡಿದ ಎನಾಮಲ್. ಇಂದಿನ ಕಾರುಗಳ ಹಾಗೆ ಅದರ ಮೇಲೊಂದು ಪಾರದರ್ಶಕ ಪದರವಿಲ್ಲ. ಪಾಲಿಶ್ ಹಚ್ಚಿ ಉಜ್ಜಿದರೆ ಬಿಳಿ ಬಟ್ಟೆ ತಿಳಿನೀಲಿಯಾಗುತ್ತದೆ. ಬರುತ್ತಿರುವುದು ಕೊಳೆಯಲ್ಲ, ಬಣ್ಣವೇ. ಹಿಂದಿನ ಒಡೆಯರು ಪ್ರೀತಿಯಿಂದ ಉಜ್ಜಿ ಉಜ್ಜಿ ಬಾನೆಟ್ಟಿನ ಅಂಚಿನಲ್ಲಿ ಪ್ರೈಮರ್ ಇಣುಕುತ್ತಿದೆ. ಚಾಲಕನ ಬಾಗಿಲಿನಲ್ಲಿ ಮೊಣಕೈ ಊರುವ ಜಾಗ ಸವೆದು ನುಣುಪಾಗಿದೆ. ಹಿಂದಿನ ಸೀಟು ಎತ್ತಿದರೆ ತಗಡಿನ ಮೇಲೆ ಯಾರೋ ಕಾರ್ಮಿಕರು ಬಳಪದಲ್ಲಿ ಅವಸರದಿಂದ ಗೀಚಿದ ಅಂಕಿಗಳಿವೆ. ಅವರು ದುಡಿದ, ಮಿಶಿಗನ್‌ನಲ್ಲೇ ಇರುವ ಹ್ಯಾಮ್‌ಟ್ರಾಮಿಕ್‌ನ 'ಡಾಜ್ ಮೇನ್' ಕಾರ್ಖಾನೆ 1980ರಲ್ಲಿ ಮುಚ್ಚಿತು, ಆಮೇಲೆ ನೆಲಸಮವಾಯಿತು. ಆ ಕೈಬರಹ ಮಾತ್ರ ನನ್ನ ಸೀಟಿನ ಕೆಳಗೆ ಉಳಿದಿದೆ. ತಗಡನ್ನು ಕೆರೆದು ಹೊಸ ಬಣ್ಣ ಹೊಡೆದರೆ ಅದೂ ಹೋಗುತ್ತದೆ. ಹಳೆಯ ಕಲ್ಲಿನ ದೇವಸ್ಥಾನದ ಶಿಲ್ಪಗಳಿಗೆ ಎಣ್ಣೆಬಣ್ಣ ಬಳಿದು ಉಳಿಯ ಗುರುತನ್ನೆಲ್ಲ ಮುಚ್ಚುವುದನ್ನು ಊರಿನಲ್ಲಿ ಕಂಡು ಹೊಟ್ಟೆ ಉರಿದುಕೊಂಡವನು ನಾನು. ಇಲ್ಲಿ ಅದೇ ಕೆಲಸಕ್ಕೆ ಹೇಗೆ ಕೈಹಾಕಲಿ?

ಹೊಸದಾಗಿ ಕಟ್ಟಿದ ಹಳೆಯ ಕಾರುಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಮಿಶಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ವೇಲಿಯಂಟ್‌ಗೆ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಎಲುಬು. ತಳ ತುಕ್ಕು ಹಿಡಿದರೆ ಕಾರೇ ಕುಸಿದಂತೆ. ಅಂಥದ್ದನ್ನು ಬಿಚ್ಚಿ ಬೆಸುಗೆ ಹಾಕಿ ಬದುಕಿಸದೆ ಬೇರೆ ದಾರಿಯಿಲ್ಲ. ನನ್ನದು ಅರಿಜೋನಾದ ಒಣ ಹವೆಯಲ್ಲಿ ಇದ್ದುದರಿಂದ ತಳ ಗಟ್ಟಿಯಾಗಿದೆ. ಹೀಗೆ ಉಳಿದುಬಂದ ಕಾರನ್ನೂ ಕನ್ನಡಿಯಂತೆ ಹೊಳೆಯಿಸಬೇಕೆಂಬ ಹಟ ಮಾತ್ರ ನನಗೆ ಒಪ್ಪಿಗೆಯಿಲ್ಲ. 1935ರಲ್ಲಿ ಹುಟ್ಟಿದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕಾ ಕೂಡ ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆಂದೇ ಪ್ರತ್ಯೇಕ ವರ್ಗ ಇಟ್ಟಿದೆ.

ಇನ್ನು ಓಡಿಸುವ ಸುಖ. ಸ್ಟಿಯರಿಂಗಿನ ಎಡಕ್ಕೆ ಗೇರಿನ ಗುಂಡಿಗಳಿವೆ. 'ಡಿ' ಒತ್ತಿದರೆ ಕಾರು ಸಣ್ಣಗೆ ಕುಲುಕಿ ಹೊರಡುತ್ತದೆ. 1964ರ ಮಾದರಿಗಳ ನಂತರ ಕ್ರೈಸ್ಲರ್ ಈ ಗುಂಡಿಗಳನ್ನೇ ಕೈಬಿಟ್ಟಿತು. ಆರು ಸಿಲಿಂಡರಿನ ಎಂಜಿನ್ 30 ಡಿಗ್ರಿ ಓರೆಯಾಗಿ ಕುಳಿತಿದೆ. ಹಾಗೆ ಮಲಗಿಸಿದ್ದರಿಂದ ಬಾನೆಟ್ಟು ತಗ್ಗಾಯಿತು, ಗಾಳಿ ಒಳಹೋಗುವ ಕೊಳವೆಗಳನ್ನು ಉದ್ದ ಮಾಡಲು ಜಾಗ ಸಿಕ್ಕಿತು. ವಾಲ್ವ್‌ಗಳ ಸಂದನ್ನು ಕಾಲಕಾಲಕ್ಕೆ ಕೈಯಿಂದಲೇ ಸರಿಪಡಿಸಬೇಕು, ಅದೂ ಎಂಜಿನ್ ಬಿಸಿಯಿರುವಾಗ. ಗಾಳಿ ಒಳಬಿಡುವ ವಾಲ್ವ್‌ಗೆ ಇಂಚಿನ ಸಾವಿರದಲ್ಲಿ 10 ಪಾಲು, ಹೊಗೆ ಹೊರಬಿಡುವುದಕ್ಕೆ 20. ಸರಿಯಾಗಿ ಕೂತಾಗ ಕೇಳುವ ಆ ಹದವಾದ ಟಿಕ್ ಟಿಕ್ ನನಗೆ ಯಾವ ಸಂಗೀತಕ್ಕೂ ಕಡಿಮೆಯಲ್ಲ. ಟೈರು ಬದಲಿಸುವವರಿಗೆ ಮಾತ್ರ ಮೊದಲೇ ಹೇಳಿರಬೇಕು: ಎಡಬದಿಯ ಚಕ್ರಗಳ ನಟ್ಟುಗಳು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ.

ಮೂಲ ಸ್ವರೂಪ ಎಂದರೆ ಹಳೆಯ ರಬ್ಬರನ್ನೂ ಪೂಜಿಸುವುದಲ್ಲ. ಕಾರಿಗೆ ಬಂದಿದ್ದ ಬ್ರೇಕು ಒಂಟಿ ಸರ್ಕ್ಯೂಟಿನದು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಅದನ್ನು ಎರಡು ಸರ್ಕ್ಯೂಟಿಗೆ ಬದಲಿಸಿದ್ದೇನೆ, ತೆಗೆದ ಭಾಗವನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಹಾಗಾಗಿ ಇಂಧನದ ಹೋಸ್‌ಗಳೂ ಹೊಸವು. ಆದರೂ ಸ್ಟಿಯರಿಂಗ್ ದಂಡ ಡಿಕ್ಕಿಯಾದರೆ ಮಡಚಿಕೊಳ್ಳದು, ಸೀಟ್‌ಬೆಲ್ಟ್ ಸೊಂಟಕ್ಕೆ ಮಾತ್ರ. ಮಳೆಯಲ್ಲಿ ಡ್ರಮ್ ಬ್ರೇಕು ಒಂದು ಬದಿಗೆ ಎಳೆಯುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವುದಿಲ್ಲ; ಈ ವಿಷಯದಲ್ಲಿ ರಾಜಿಯಿಲ್ಲ.

ಹಾಗೆಂದು ಮುಚ್ಚಿಟ್ಟು ಪೂಜಿಸುವುದೂ ನನಗೆ ಸೇರದು. ಮಿಶಿಗನ್‌ನಲ್ಲಿ 26 ವರ್ಷ ತುಂಬಿದ ವಾಹನಕ್ಕೆ ಐತಿಹಾಸಿಕ ವಾಹನದ ನಂಬರ್ ಫಲಕ ಸಿಗುತ್ತದೆ, ಆದರೆ ಅದಿದ್ದರೆ ಮೆರವಣಿಗೆ, ಪ್ರದರ್ಶನಗಳಂಥವಕ್ಕೆ, ಇಲ್ಲವೇ ಆಗಸ್ಟ್ ತಿಂಗಳಲ್ಲಿ ಮಾತ್ರ ಓಡಿಸಬಹುದೆಂಬ ಮಿತಿಗಳಿವೆ. ಆದ್ದರಿಂದ ಸಾಮಾನ್ಯ ಫಲಕವನ್ನೇ ಇಟ್ಟುಕೊಂಡು ತರಕಾರಿಗೂ ಇದರಲ್ಲೇ ಹೋಗುತ್ತೇನೆ. ನಿಂತ ಕಾರಿನ ಸೀಲುಗಳು ಒಣಗುತ್ತವೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ.

ನಮ್ಮವರಿಗೆ ಇದರಲ್ಲೇನು ಎನ್ನುವವರಿಗೆ ಒಂದು ಮಾತು. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದ ವಾಲಚಂದ್ ಹೀರಾಚಂದರೇ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದವರು. ಕ್ರೈಸ್ಲರ್ ಜೊತೆಗಿನ ಒಪ್ಪಂದದಿಂದ ಡಾಜ್, ಪ್ಲಿಮತ್ ಕಾರುಗಳು ಮುಂಬಯಿಯಲ್ಲೇ ಜೋಡಣೆಯಾದವು. ಊರಿನಲ್ಲಿ ಯಾರ ಮನೆಯ ಕೊಟ್ಟಿಗೆಯಲ್ಲಾದರೂ ಅಂಥದ್ದೊಂದು ನಿಂತಿದ್ದರೆ, ದಯವಿಟ್ಟು ಬಣ್ಣದ ಅಂಗಡಿಗೆ ಕಳುಹಿಸಬೇಡಿ. ಮೊದಲು ಧೂಳು ಒರೆಸಿ ಎಲ್ಲ ಬದಿಯಿಂದ ಫೋಟೊ ತೆಗೆಯಿರಿ, ಪೆಟ್ರೋಲ್ ಟ್ಯಾಂಕು ಖಾಲಿಮಾಡಿಸಿ, ಬ್ರೇಕು ಬಿಚ್ಚಿ ನೋಡಿಸಿ. ನನಗೂ ಒಂದು ಫೋಟೊ ಕಳುಹಿಸಿ.